ಹಸಿರು ಬೋರ್ಡಿನ ಗಾಡಿಯಲ್ಲಿ ಮಲೆನಾಡು

ಮಲೆನಾಡಿಗೆ ಎಲೆಕ್ಟ್ರಿಕ್ ಗಾಡಿ ಆಗಿಬರಲ್ಲ, ಘಾಟಿ ಹತ್ತಲ್ಲ, ಮಳೆ ತಡೆಯಲ್ಲ, ಚಾರ್ಜ್ ಮಾಡೋಕೆ ಎಲ್ಲೂ ಜಾಗ ಇರಲ್ಲ. ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಹೀಗೆ ಹೇಳುವವರು ಒಂದು ಬೆಳಿಗ್ಗೆ ಸಾಗರದ ಪೇಟೆಗೆ ಬಂದು ನಿಲ್ಲಬೇಕು. ಕೆಎ-15 ಅಂತ ಬರೆದ ಹಸಿರು ನಂಬರ್ ಪ್ಲೇಟಿನ ಸ್ಕೂಟರ್‌ಗಳು ಬರುತ್ತಲೇ ಇರುತ್ತವೆ. ಕಾಲಿಡುವ ಜಾಗದಲ್ಲಿ ಹಿಂಡಿ ಚೀಲ, ಹಿಂದಿನ ಸೀಟಿಗೆ ಕಟ್ಟಿದ ಬಾಳೆಗೊನೆ, ಮುಂದಿನ ಕೊಕ್ಕೆಗೆ ಹಾಲಿನ ಕ್ಯಾನು. ಹಳ್ಳಿ ಶಾಲೆಗೆ ಹೊರಟ ಟೀಚರ್ ಕೂಡ ಅದರಲ್ಲೇ ಹೋಗುತ್ತಾರೆ. ಇವರು ಯಾರೂ ಪ್ರವಾಸಕ್ಕೆ ಬಂದವರಲ್ಲ. ದಿನಾ ಅದೇ ಏರು, ಅದೇ ಮಣ್ಣುದಾರಿ, ಅದೇ ಮಳೆಯಲ್ಲಿ ಓಡಿಸುವವರು.

ಎಲ್ಲಿಗೆ ಪ್ರವಾಸ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಈ ಹಸಿರು ಬೋರ್ಡನ್ನೇ. ಸುಮ್ನೆ ಕುತೂಹಲಕ್ಕಲ್ಲ. ಒಂದು ಊರಿನಲ್ಲಿ ಕರೆಂಟ್ ಗಾಡಿ ಓಡಾಡುತ್ತಿದೆ ಅಂದರೆ ಅಲ್ಲಿ ಚಾರ್ಜ್ ಮಾಡುವ ಮನೆಗಳಿವೆ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಅಂತ ಗೊತ್ತಿರುವ ಜನ ಇದ್ದಾರೆ, ಅಲ್ಲಿನ ರಸ್ತೆಯಲ್ಲಿ ಅದು ನಿಜವಾಗಿ ಎಷ್ಟು ಓಡುತ್ತದೆ ಅಂತ ಹೇಳುವವರಿದ್ದಾರೆ ಅಂತ ಅರ್ಥ. ಮೊಬೈಲ್ ಮ್ಯಾಪಿನಲ್ಲಿ ಕಾಣುವ ಚಾರ್ಜಿಂಗ್ ಸ್ಟೇಷನ್ ಗುರುತಿಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ. ಮ್ಯಾಪಿನಲ್ಲಿರುವ ಸ್ಟೇಷನ್ ಬಂದ್ ಆಗಿರಬಹುದು, ನೆಟ್‌ವರ್ಕ್ ಇಲ್ಲದೆ ಆಪ್ ತೆರೆಯದೆ ಇರಬಹುದು, ಅಲ್ಲಿನ ಕನೆಕ್ಟರ್ ನಿಮ್ಮ ಗಾಡಿಗೆ ಹೊಂದದೇ ಇರಬಹುದು. ಊರಿನವರ ಗಾಡಿ ಮಾತ್ರ ಕಣ್ಣೆದುರಿಗೇ ಓಡುತ್ತಿರುತ್ತದೆ.

ಬೋರ್ಡ್ ಓದುವುದು ಕಷ್ಟವಲ್ಲ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ ಗಾಡಿ. ಹಸಿರಿನ ಮೇಲೆ ಹಳದಿ ಅಕ್ಷರ ಇದ್ದರೆ ವ್ಯವಹಾರಕ್ಕೆ ನೋಂದಾಯಿಸಿದ ಗಾಡಿ. ಬಾಡಿಗೆಗೆ ತಗೊಳ್ಳುವವರು ಇದನ್ನು ನೋಡಲೇಬೇಕು, ಯಾಕೆಂದರೆ ಸ್ವಂತದ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್ ವಿಷಯಕ್ಕೆ ಒದ್ದಾಡಬೇಕಾಗುತ್ತದೆ. ಇನ್ನು ನಂಬರ್ ಪ್ಲೇಟೇ ಇಲ್ಲದ ಸಣ್ಣ ಗಾಡಿಗಳೂ ಕಾಣಿಸುತ್ತವೆ. ಮೋಟಾರ್ 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ವಯಸ್ಸಾದವರು ಪೇಟೆಗೆ, ದೇವಸ್ಥಾನಕ್ಕೆ ಅಂತ ಇಟ್ಟುಕೊಂಡಿರುತ್ತಾರೆ. ಅವರಿಗೆ ಅದು ಬಹಳ ಅನುಕೂಲ. ಆದರೆ ಇಬ್ಬರು ಕೂತು ಗುಡ್ಡ ಹತ್ತೋಕೆ ಅದನ್ನು ನೆಚ್ಚಬೇಡಿ.

ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ಒಂದು ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಏಥರ್ ಬೆಂಗಳೂರಿನ ಕಂಪನಿ, ಅವರ ಮೊದಲ ಸ್ಕೂಟರ್ 2018ರಲ್ಲಿ ಅಲ್ಲೇ ರಸ್ತೆಗೆ ಇಳಿಯಿತು. 2020ರ ಜನವರಿಯಲ್ಲಿ ಟಿವಿಎಸ್‌ನ ಐಕ್ಯೂಬ್, ಬಜಾಜ್‌ನ ಹೊಸ ಚೇತಕ್ ಸ್ಕೂಟರ್‌ಗಳು ಬಂದವು. ಆಗೆಲ್ಲ ಇದು ಸಿಟಿಯವರ ಗಾಡಿ ಅಂತ ನಾನೂ ನೀವೂ ಅಂದುಕೊಂಡಿದ್ದೆವು ಅಲ್ವಾ? ಈಗ ರಿಪ್ಪನ್‌ಪೇಟೆಯ ಹೋಟೆಲ್ ಮುಂದೆ ನಿಂತು ಚಹಾ ಕುಡಿಯುವಷ್ಟರಲ್ಲಿ ಇವನ್ನೆಲ್ಲ ನೋಡಬಹುದು. ಹಾಗೆ ನಿಂತಿದ್ದಾಗಲೇ ಒಬ್ಬ ಅಡಿಕೆ ಬೆಳೆಗಾರರನ್ನು ಮಾತಾಡಿಸಿದೆ. "ಅಣ್ಣ, ಇದು ಎಷ್ಟು ಓಡುತ್ತೆ?" ಅಂದೆ. "ಕಂಪನಿಯವ್ರು ನೂರಾ ಇಪ್ಪತ್ತು ಅಂತಾರೆ. ನಮ್ಮ ರಸ್ತೇಲಿ ಎಂಬತ್ತೈದು ಹಿಡ್ಕಳಿ. ಹೆಂಡ್ತೀನೂ ಕೂತ್ರೆ ಇನ್ನೊಂದು ಹತ್ತು ತೆಗೀರಿ" ಅಂದರು. ಆಮೇಲೆ ನಾನು ಓಡಿಸಿ ನೋಡಿದಾಗ ಅವರ ಲೆಕ್ಕ ಸರಿಯಾಗಿತ್ತು.

ಈ ಲೆಕ್ಕದ ಹಿಂದಿರುವ ನೆಲದ ಸಂಗತಿಯೊಂದನ್ನು ಹೇಳಲೇಬೇಕು. ಮಲೆನಾಡು ಅಂದ ಕೂಡಲೇ ಬರೀ ಏರು ಅಂತ ಕಲ್ಪನೆ. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಮೂರೂ ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿವೆ, 600 ಮೀಟರ್ ಆಸುಪಾಸು. ಆಗುಂಬೆ ಕೂಡ ಅದಕ್ಕಿಂತ ತುಂಬಾ ಮೇಲಿಲ್ಲ. ಅಂದರೆ ಈ ಊರುಗಳ ನಡುವೆ ಓಡಾಡುವಾಗ ಏರು ಬಂದಷ್ಟೇ ಇಳಿಜಾರೂ ಬರುತ್ತದೆ. ಏರಿನಲ್ಲಿ ಖರ್ಚಾದ ಬ್ಯಾಟರಿಯ ಒಂದು ಪಾಲು ಇಳಿಯುವಾಗ ಉಳಿಯುತ್ತದೆ. ನಿಜವಾದ ಪರೀಕ್ಷೆ ಇರುವುದು ಕರಾವಳಿಗೆ ಇಳಿಯುವ ಘಾಟಿಗಳಲ್ಲಿ, ಕುಂದಾದ್ರಿಯಂಥ ಗುಡ್ಡಗಳಲ್ಲಿ, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆ. ಕೊಡಚಾದ್ರಿಯ ಜೀಪ್ ರಸ್ತೆಗೆ ಸ್ಕೂಟರ್ ಒಯ್ಯುವ ಯೋಚನೆಯನ್ನೇ ಮಾಡಬೇಡಿ.

ಈ ದಸರಾ ರಜೆಗೆ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ರಾತ್ರಿಯ ತಾಳಗುಪ್ಪ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದೆವು. ಭಾವನ ಮನೆ ಅಲ್ಲೇ. ಅವರ ಎಲೆಕ್ಟ್ರಿಕ್ ಸ್ಕೂಟರನ್ನು ರಜೆ ಮುಗಿಯುವವರೆಗೆ ನಮಗೆ ಬಿಟ್ಟುಕೊಟ್ಟರು. ಇದು ನನ್ನ ಪ್ರಕಾರ ಮಲೆನಾಡು ನೋಡುವ ತುಂಬಾ ಒಳ್ಳೆಯ ಕ್ರಮ. ಬೆಂಗಳೂರಿನಿಂದಲೇ ಗಾಡಿ ಓಡಿಸಿಕೊಂಡು ಬರುವುದಲ್ಲ. ರೈಲೋ ಬಸ್ಸೋ ಹತ್ತಿ ಒಂದು ಊರಿಗೆ ಬಂದು, ಅಲ್ಲೇ ಬೀಡು ಬಿಟ್ಟು, ಸುತ್ತಲಿನದನ್ನು ನಿಧಾನಕ್ಕೆ ನೋಡುವುದು. ಸಾಗರ ಇದಕ್ಕೆ ಹೇಳಿ ಮಾಡಿಸಿದ ಊರು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ, ವರದಾ ನದಿ ಹುಟ್ಟುವ ವರದಾಮೂಲ, ಹೆಗ್ಗೋಡು ಎಲ್ಲಾ ಹತ್ತು ಕಿಲೋಮೀಟರ್ ಆಚೀಚೆ. ಜೋಗ 30 ಕಿಲೋಮೀಟರ್. ಬೆಳಿಗ್ಗೆ ತಿಂಡಿ ತಿಂದು ಹೊರಟು, ಊಟಕ್ಕೆ ಮನೆಗೆ ಬಂದು, ಗಾಡಿ ಚಾರ್ಜಿಗೆ ಹಾಕಿ ಒಂದು ನಿದ್ದೆ ತೆಗೆದು ಸಂಜೆ ಮತ್ತೆ ಹೊರಡಬಹುದು. ಕಾರು ತಗೊಂಡು ಬಂದವರು ಒಂದೇ ದಿನದಲ್ಲಿ ಜೋಗ, ಸಿಗಂದೂರು, ಕೊಲ್ಲೂರು, ಮುರುಡೇಶ್ವರ ಅಂತ ಓಡುತ್ತಾರೆ. ನನಗೆ ಅವರನ್ನು ನೋಡಿದರೆ ಬೇಜಾರಾಗುತ್ತದೆ. ಇಕ್ಕೇರಿಯ ಆ ದೊಡ್ಡ ಕಲ್ಲಿನ ನಂದಿಯ ಮುಂದೆ ಅರ್ಧ ಗಂಟೆ ಸುಮ್ನೆ ಕೂರಬೇಕು. ಬ್ಯಾಟರಿ ಗಾಡಿ ಹಾಗೆ ಕೂರುವ ಸಮಯ ಕೊಡುತ್ತದೆ, ಯಾಕೆಂದರೆ ದಿನಕ್ಕೆ ಇಷ್ಟೇ ದೂರ ಅಂತ ಬೆಳಿಗ್ಗೆಯೇ ತೀರ್ಮಾನ ಆಗಿರುತ್ತದೆ.

ಜೋಗದ ಕಡೆ ಹೋಗುವಾಗ ನನಗೆ ಒಂದು ವಿಷಯ ಬಿಡದೆ ಕಾಡುತ್ತಿತ್ತು. ಜಲಪಾತದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಗ್ರಿಡ್ಡಿನಲ್ಲಿ ಎಲ್ಲಾ ಕಡೆಯ ಕರೆಂಟೂ ಬೆರೆತಿರುತ್ತದೆ ಅನ್ನುವುದು ಗೊತ್ತು. ಆದರೂ ಬೆಂಗಳೂರಿನಲ್ಲಿ ಇಷ್ಟು ವರ್ಷ ನಾವು ದೀಪ ಹಚ್ಚಿದ್ದರಲ್ಲಿ, ಈಗ ಗಾಡಿ ಚಾರ್ಜ್ ಮಾಡುವುದರಲ್ಲಿ ಈ ನದಿಯ ಪಾಲಿದೆ. ಆ ನೀರು ನಿಲ್ಲಿಸಲು ತಮ್ಮ ಗದ್ದೆ, ತೋಟ, ಮನೆ, ದೇವಸ್ಥಾನ ಮುಳುಗಲು ಬಿಟ್ಟು ಎದ್ದು ಬಂದ ಜನ ಇದೇ ಸೀಮೆಯವರು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಇನ್ನೂ ಭೂಮಿ ಹಕ್ಕಿಗಾಗಿ ಅಲೆಯುತ್ತಿರುವವರಿದ್ದಾರೆ. ಕರೆಂಟ್ ಗಾಡಿ ಓಡಿಸುವವರಿಗೆ ಹೊಗೆ ಇಲ್ಲ, ಪರಿಸರ ಉಳಿಯುತ್ತದೆ ಅಂತ ಒಂದು ಸಮಾಧಾನ ಇರುತ್ತದೆ. ನನಗೂ ಇದೆ. ಅದರ ಜೊತೆ ಇದನ್ನೂ ನೆನಪಿಡಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿತು.

ಲಿಂಗನಮಕ್ಕಿ ಹಿನ್ನೀರಿನ ಆಚೆಯ ಕರೂರು, ತುಮರಿ ಕಡೆಯವರು ಇಷ್ಟು ದಶಕ ಜನ, ಗಾಡಿ ದಾಟಿಸುವ ಲಾಂಚ್ ನಂಬಿಕೊಂಡೇ ಬದುಕಿದರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಆಸ್ಪತ್ರೆಗೆ ಹೋಗುವುದಕ್ಕೂ ಸುತ್ತು ಬಳಸಿನ ದಾರಿಯೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಅದರ ಮೇಲೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಹೋಗುವಾಗ ಇಂಜಿನ್ ಸದ್ದಿಲ್ಲದೆ ಗಾಳಿಯ ಸದ್ದೊಂದೇ ಕೇಳುತ್ತದೆ. ಅಡ್ಡಗಾಳಿ ಜೋರಾಗಿ ಹೊಡೆಯುತ್ತದೆ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿರಿ. ಸಾಗರದಿಂದ ಈ ಸೇತುವೆ ದಾಟಿ ಸಿಗಂದೂರಿಗೆ ಸುಮಾರು 40 ಕಿಲೋಮೀಟರ್. ಹೋಗಿ ಬರಲು 80. ಇಬ್ಬರು ಕೂತರೆ ಬ್ಯಾಟರಿ ಸಾಲುವುದು ಅನುಮಾನ. ಹಾಗಾಗಿ ತುಮರಿ ಹತ್ತಿರ ಭಾವನ ಪರಿಚಯದವರ ಮನೆಗೆ ಮೊದಲೇ ಫೋನ್ ಮಾಡಿಸಿದ್ದೆ. ನಾವು ಊಟ ಮಾಡಿ ಎದ್ದು ಕವಳ (ಎಲೆ ಅಡಿಕೆ) ಹಾಕುವ ಹೊತ್ತಿಗೆ ಸಾಕಷ್ಟು ಚಾರ್ಜ್ ಆಗಿತ್ತು. ಆ ಮನೆಯ ಅಮ್ಮ ಅಂತೂ "ಗಾಡಿಗೆ ಊಟ ಆತಾ?" ಅಂತ ಕೇಳುತ್ತಾ ನಮಗೆ ಮತ್ತೊಂದು ಸಲ ಅಪ್ಪೆಹುಳಿ ಬಡಿಸಿದರು.

ಚಾರ್ಜಿಂಗ್ ವಿಷಯ ಬಂತಲ್ಲ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರು ಯೂನಿಟ್ ಹಿಡಿಯುವ ಬ್ಯಾಟರಿ ಇರುವ ಗಾಡಿ, ಜೊತೆಗೆ ಕೊಟ್ಟ 750 ವಾಟಿನ ಚಾರ್ಜರ್ ಅಂದರೆ, ಪೂರ್ತಿ ಖಾಲಿಯಿಂದ ಪೂರ್ತಿ ತುಂಬಲು ನಾಲ್ಕೂವರೆ ಐದು ಗಂಟೆ ಬೇಕು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಖರ್ಚು 30 ರೂಪಾಯಿ ದಾಟುವುದಿಲ್ಲ. ಹಣ ಕಡಿಮೆ ಅಂತ ಕೊಡದೆ ಬರಬೇಡಿ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಕರೆಂಟ್ ಸಿಗುವುದು ಆ ಮನೆಯ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿದಷ್ಟಕ್ಕೆ ಮಾತ್ರ. ಅದೂ 200 ಯೂನಿಟ್ ಒಳಗೆ. ಅತಿಥಿಗಳು ಬಂದವರೆಲ್ಲ ಗಾಡಿ ಚಾರ್ಜ್ ಮಾಡಿ ಹೋದರೆ ಅವರ ಬಿಲ್ಲು ಏರುತ್ತದೆ. ಮಲೆನಾಡಿನವರು ಬಾಯಿಬಿಟ್ಟು ದುಡ್ಡು ಕೇಳುವುದಿಲ್ಲ. "ಇರ್ಲಿ ಬಿಡಿ, ಎಷ್ಟು ಮಹಾ" ಅನ್ನುತ್ತಾರೆ. ನಾವೇ ಅರ್ಥ ಮಾಡಿಕೊಂಡು ಕೊಡಬೇಕು. ತಗೊಳ್ಳಲೇ ಇಲ್ಲ ಅಂದರೆ ಅವರ ಮನೆಯ ಉಪ್ಪಿನಕಾಯಿ, ತೊಡೆದೇವು, ಜೇನುತುಪ್ಪ ಏನಾದರೂ ಕೊಂಡುಕೊಳ್ಳಿ.

ಹೋಂಸ್ಟೇಗೆ ಫೋನ್ ಮಾಡುವಾಗ "ಚಾರ್ಜಿಂಗ್ ವ್ಯವಸ್ಥೆ ಇದೆಯಾ" ಅಂತ ಕೇಳಬೇಡಿ. ದೊಡ್ಡ ಮಷೀನ್ ಇದೆಯಾ ಅಂತ ಕೇಳಿದ್ದಾರೆ ಅಂದುಕೊಂಡು ಇಲ್ಲ ಅಂದುಬಿಡುತ್ತಾರೆ. "ಗಾಡಿ ನಿಲ್ಲಿಸುವ ಜಾಗದ ಹತ್ತಿರ ಪ್ಲಗ್ ಪಾಯಿಂಟ್ ಇದೆಯಾ, ಅರ್ಥಿಂಗ್ ಸರಿ ಇದೆಯಾ" ಅಂತ ಕೇಳಿ. ಹೆಚ್ಚಿನ ಮನೆಗಳಲ್ಲಿ ಜಗಲಿಯಲ್ಲೋ, ಅಡಿಕೆ ಸುಲಿಯುವ ಶೆಡ್ಡಿನಲ್ಲೋ, ಕೊಟ್ಟಿಗೆ ಪಕ್ಕದಲ್ಲೋ ಒಂದು ಪಾಯಿಂಟ್ ಇದ್ದೇ ಇರುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕೆಲವು ಚಾರ್ಜರ್‌ಗಳು ಕೆಂಪು ಲೈಟ್ ಹಾಕಿ ಕೂತುಬಿಡುತ್ತವೆ. ಎರಡು ಪಿನ್ನಿನ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಲೇಬೇಡಿ, ಗಂಟೆಗಟ್ಟಲೆ ಕರೆಂಟ್ ಎಳೆದರೆ ಬಿಸಿಯಾಗಿ ಕರಗುತ್ತದೆ. ದಪ್ಪ ವೈರಿನ, ಮೂರು ಪಿನ್ನಿನ ಒಂದನ್ನು ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಇನ್ನು ಕರೆಂಟ್ ಹೋಗುವ ವಿಷಯ. ಲೈನ್ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಮಳೆಯಲ್ಲೇ ಹತ್ತಿ ಸರಿ ಮಾಡುತ್ತಾರೆ, ಆದರೆ ಅದಕ್ಕೆ ಒಂದು ದಿನವೂ ಹಿಡಿಯಬಹುದು. ಅದಕ್ಕೇ ನನ್ನದೊಂದು ಪದ್ಧತಿ: ಮನೆ ಸೇರಿದ ಮೇಲೆ ಗಾಡಿ ಸ್ವಲ್ಪ ಆರಲು ಬಿಟ್ಟು, ಕರೆಂಟ್ ಇರುವಾಗಲೇ ಚಾರ್ಜಿಗೆ ಹಾಕುವುದು. ರಾತ್ರಿ ಮಲಗುವಾಗ ಹಾಕೋಣ ಅಂತ ಕಾಯುವುದಿಲ್ಲ.

ತೀರ್ಥಹಳ್ಳಿ ಕಡೆ ನಾವು ಉಳಿದ ಹೋಂಸ್ಟೇಯಲ್ಲಿ ಬ್ಯಾಟರಿ ಸೈಕಲ್ ಇತ್ತು. ಪೆಡಲ್ ತುಳಿಯಬೇಕು, ತುಳಿದಾಗ ಮೋಟಾರ್ ಜೊತೆಗೂಡುತ್ತದೆ. ಸ್ಕೂಟರ್‌ಗಿಂತ ನನಗೆ ಇದೇ ಜಾಸ್ತಿ ಇಷ್ಟವಾಯಿತು. ತೋಟದ ನಡುವಿನ ಮಣ್ಣುದಾರಿ, ಗದ್ದೆ ಬದಿಯ ರಸ್ತೆ, ಸಂಕ (ಕಾಲುಸೇತುವೆ) ದಾಟಿ ಆಚೆ ಮನೆ. ಸ್ಕೂಟರ್ ಹೋಗಲಾಗದ ಕಡೆಯೆಲ್ಲ ಹೋಯಿತು. ಹೆಂಡತಿಗೆ ಮಂಡಿ ನೋವು. ಮಾಮೂಲಿ ಸೈಕಲ್ ಆಗಿದ್ದರೆ ಅವಳು ಮೊದಲ ಏರಿನಲ್ಲೇ ಇಳಿದುಬಿಡುತ್ತಿದ್ದಳು. ಇದರಲ್ಲಿ ಏರು ಬಂದಾಗ ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಆಗುತ್ತದೆ. ಅವಳು ನನಗಿಂತ ಮುಂದೆ ಹೋಗಿ ತಿರುವಿನಲ್ಲಿ ನಿಂತು ಕಾಯುತ್ತಿದ್ದಳು. ಬ್ಯಾಟರಿ ಬಿಚ್ಚಿ ರೂಮಿಗೆ ಒಯ್ದು ಚಾರ್ಜ್ ಮಾಡಬಹುದು, ಮೊಬೈಲಿನಷ್ಟೇ ಸುಲಭ. ಕುಪ್ಪಳಿಗೋ ಕವಲೇದುರ್ಗದ ಬುಡಕ್ಕೋ ಹೋಗಿ ಬರಲು ಇದರ ಬ್ಯಾಟರಿ ಸಾಲುವುದು ಅನುಮಾನ, ಅಲ್ಲಿಗೆ ಸ್ಕೂಟರೇ ಸರಿ. ಮನೆಯ ಸುತ್ತಲಿನ ಐದಾರು ಕಿಲೋಮೀಟರ್ ಜಗತ್ತು ನೋಡಲು ಮಾತ್ರ ಇದಕ್ಕಿಂತ ಒಳ್ಳೆಯದು ಇಲ್ಲ. ಹೋಂಸ್ಟೇ ನಡೆಸುವವರು ಇಂಥ ಎರಡು ಸೈಕಲ್ ಇಟ್ಟರೆ ಜೀಪ್ ಸಫಾರಿಗಿಂತ ಜನಕ್ಕೆ ಜಾಸ್ತಿ ಖುಷಿ ಸಿಗುತ್ತದೆ ಅಂತ ನನ್ನ ಅಭಿಪ್ರಾಯ.

ಆಗುಂಬೆ ಘಾಟಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು, ಏರು ಸುಮಾರು 500 ಮೀಟರ್. ಇಬ್ಬರು ಕೂತ ಸ್ಕೂಟರಿನ ಒಟ್ಟು ತೂಕ 250 ಕೆಜಿ ಅಂದುಕೊಳ್ಳಿ. ಅಷ್ಟನ್ನು ಅಷ್ಟು ಎತ್ತರಕ್ಕೆ ಎತ್ತಲು ಮೂರನೇ ಒಂದು ಯೂನಿಟ್ ಶಕ್ತಿ ಬೇಕು. ಮೋಟಾರಿನ ನಷ್ಟ, ರಸ್ತೆಯ ಮಾಮೂಲಿ ಖರ್ಚು ಎಲ್ಲಾ ಸೇರಿಸಿದರೆ ಮೂರು ಯೂನಿಟ್ ಬ್ಯಾಟರಿಯಲ್ಲಿ ಕಾಲು ಭಾಗ ಆ ಒಂದು ಘಾಟಿಗೆ ಹೋಗುತ್ತದೆ. ಅಷ್ಟೇ. ಹತ್ತಲ್ಲ ಅನ್ನುವ ಮಾತೇ ಇಲ್ಲ, ಬ್ಯಾಟರಿ ಉಳಿಸುವ ಇಕೋ ಮೋಡಿನಲ್ಲಿ ನಿಧಾನಕ್ಕೆ ಹತ್ತಿತು. ತೀರ್ಥಹಳ್ಳಿಯಿಂದ ಆಗುಂಬೆಗೆ 33 ಕಿಲೋಮೀಟರ್. ಘಾಟಿ ಇಳಿದು ಹತ್ತಿ ವಾಪಸ್ ತೀರ್ಥಹಳ್ಳಿಗೆ ಬರಬೇಕಾದರೆ ಆಗುಂಬೆಯಲ್ಲಿ ಊಟದ ಹೊತ್ತಿಗೆ ಎರಡು ಗಂಟೆ ಚಾರ್ಜ್ ಮಾಡಿಯೇ ಹೊರಡಬೇಕು.

ಹತ್ತುವುದಕ್ಕಿಂತ ಇಳಿಯುವಾಗ ಹುಷಾರು ಬೇಕು. ಇಳಿಜಾರಿನಲ್ಲಿ ಮೋಟಾರ್ ಜನರೇಟರ್ ಥರ ತಿರುಗಿ ಗಾಡಿಯ ವೇಗ ತಡೆಯುತ್ತದೆ, ಬ್ಯಾಟರಿಗೂ ಸ್ವಲ್ಪ ಚಾರ್ಜ್ ಸೇರುತ್ತದೆ. ಆದರೆ ಬ್ಯಾಟರಿ ಶೇಕಡಾ 100 ತುಂಬಿದ್ದರೆ ಹೊಸ ಚಾರ್ಜಿಗೆ ಜಾಗವೇ ಇರುವುದಿಲ್ಲ, ಆಗ ಮೋಟಾರಿನ ಈ ತಡೆ ಸಿಗುವುದಿಲ್ಲ. ಗಾಡಿ ಜಾರಿದ ಹಾಗೆ ಓಡುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕೇ ಆಗುಂಬೆಯಲ್ಲೇ ರಾತ್ರಿ ಉಳಿದು ಬೆಳಿಗ್ಗೆ ಘಾಟಿ ಇಳಿಯುವವರು 85-90ಕ್ಕೆ ಚಾರ್ಜ್ ನಿಲ್ಲಿಸಿ.

ಸದ್ದಿಲ್ಲದಿರುವುದು ಈ ಗಾಡಿಗಳ ದೊಡ್ಡ ಗುಣ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ಆನೆ ಬಿಡಾರ, ಆಮೇಲೆ ತುಂಗಾ ನದಿ ನಡುವಿನ ಮಂಡಗದ್ದೆ ಪಕ್ಷಿಧಾಮ. ಹೋಗಿ ಬರಲು 60 ಕಿಲೋಮೀಟರ್ ಆಸುಪಾಸು, ಒಂದು ಚಾರ್ಜಿಗೆ ಆರಾಮ. ಕಾಡಿನ ನಡುವೆ ಹೋಗುವಾಗ ಹಕ್ಕಿ ಕೂಗು ಓಡುತ್ತಿರುವಾಗಲೇ ಕೇಳುತ್ತದೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಗಲಾಟೆ ರಸ್ತೆಯಿಂದಲೇ ಕಿವಿಗೆ ಬಿತ್ತು. ಆದರೆ ಇದೇ ಗುಣ ತಿರುವುಗಳಲ್ಲಿ ಅಪಾಯ. ರಸ್ತೆ ಮಧ್ಯೆ ಮಲಗಿದ ದನ ಏಳುವುದಿಲ್ಲ, ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಹೋಗುವವರು ತಿರುಗಿ ನೋಡುವುದಿಲ್ಲ, ಅವರಿಗೆ ನಾವು ಬರುವುದೇ ಗೊತ್ತಾಗುವುದಿಲ್ಲ. ಊರೊಳಗೆ, ತಿರುವಿನಲ್ಲಿ ಮೆಲ್ಲಗೆ ಒಂದು ಹಾರನ್ ಹೊಡೆಯಿರಿ. ಕಾಡಿನಲ್ಲಿ ಬೇಡ, ಅಲ್ಲಿ ವೇಗ ಕಡಿಮೆ ಮಾಡಿ ಸಾಕು.

ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಹೋಗುವುದಿಲ್ಲ. ಮಳೆಗೆ ಗಾಡಿ ಕೆಡುತ್ತದೆ ಅಂತಲ್ಲ, ಒಳ್ಳೆಯ ಗಾಡಿಗಳ ಬ್ಯಾಟರಿಗೆ ನೀರು ಹೋಗದ ಹಾಗೆ ಮಾಡಿರುತ್ತಾರೆ. ಹೊಳೆ ಉಕ್ಕಿ ರಸ್ತೆಯ ಮೇಲೆ ಹರಿಯುವಾಗ ಯಾವ ಗಾಡಿಯೂ ಬೇಡ, ಅಷ್ಟೇ. ಚಾರ್ಜರ್ ಮಾತ್ರ ಯಾವ ಕಾಲದಲ್ಲೂ ಒಣಗಿದ ಜಾಗದಲ್ಲೇ ಇರಬೇಕು. ದಸರಾದಿಂದ ಸಂಕ್ರಾಂತಿವರೆಗೆ ಸರಿಯಾದ ಕಾಲ. ರಸ್ತೆ ಒಣಗಿರುತ್ತದೆ, ದಸರಾ ಹೊತ್ತಿಗೆ ಜೋಗದಲ್ಲಿ ಇನ್ನೂ ನೀರಿರುತ್ತದೆ, ಬಿಸಿಲೂ ಹದ. ಡಿಸೆಂಬರ್ ರಜೆಗೆ ಹೊಸನಗರ, ನಗರದ ಕೋಟೆ ಕಡೆ ಹೋಗುವ ಆಸೆ ಇದೆ. ಅಲ್ಲೊಂದು ಮನೆಗೆ ಆಗಲೇ ಫೋನ್ ಮಾಡಿ ಮಾತಾಡಿದ್ದೇನೆ. ಅಡಿಕೆ ಶೆಡ್ಡಿನಲ್ಲಿ 15 ಆಂಪ್ ಪಾಯಿಂಟ್ ಇದೆಯಂತೆ, ಪಕ್ಕದ ಮನೆಯವರ ಹತ್ತಿರವೂ ಹಸಿರು ಬೋರ್ಡಿನ ಸ್ಕೂಟರ್ ಇದೆಯಂತೆ. ಅವರ ನಂಬರ್ ಕೂಡ ತಗೊಂಡಿದ್ದೇನೆ, ಹುಲಿಕಲ್ ಘಾಟಿಗೆ ಎಷ್ಟು ಬ್ಯಾಟರಿ ಬೇಕು ಅಂತ ಅವರನ್ನೇ ಕೇಳಬೇಕು.